ಸಪಾಟಾದ ಹೆಡ್, ಬಾಗಿದ ಕ್ಯಾಮ್ ಸಾಲು: ದೇವಿಮನೆ ಘಟ್ಟ ಹತ್ತುವ ಒಂದು ಮೀನು ಗಾಡಿಯ ಪ್ರಕರಣ

ತದಡಿ ಬಂದರಿನಿಂದ ಶಿರಸಿ ಪೇಟೆಗೆ ಮೀನು ತರುವ ಒಂದು ಪಿಕಪ್‌ನ ಹೆಡ್ (ಎಂಜಿನ್ ಸಿಲಿಂಡರುಗಳ ಮೇಲಿನ ಮುಚ್ಚಳ) ನಮ್ಮ ವರ್ಕ್‌ಶಾಪಿಗೆ ಬಂದಾಗ ಅದಕ್ಕೆ ಆಗಲೇ ಒಮ್ಮೆ ಫೇಸಿಂಗ್, ಅಂದರೆ ಕೆಳಮುಖವನ್ನು ಕಡಿದು ಸಪಾಟು ಮಾಡುವ ಕೆಲಸ, ಆಗಿತ್ತು. ಹೆಡ್ಡಿನಡಿ ಸೋರಿಕೆ ತಡೆಯುವ ಹೊಸ ಗ್ಯಾಸ್ಕೆಟ್ ಬಿದ್ದು ಹೆಚ್ಚು ಕಾಲವೂ ಆಗಿರಲಿಲ್ಲ. ಆದರೂ ಘಟ್ಟ ಹತ್ತಿದಾಗಲೆಲ್ಲ ರೇಡಿಯೇಟರಿನ ನೀರು ಖಾಲಿಯಾಗುತ್ತಿತ್ತು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಸಿಲಿಂಡರುಗಳಿರುವ ಬ್ಲಾಕ್ ಬೀಡಿನದು (ಎರಕದ ಕಬ್ಬಿಣ), ಹೆಡ್ ಅಲ್ಯುಮಿನಿಯಂನದು, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲೆಯೇ ಕೂತಿರುತ್ತದೆ. ಈಗಿನ ಸಣ್ಣ ಸರಕು ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯ ಹೆಡ್. ಬೀಡಿನ ಹೆಡ್ಡಿಗೆ ವರ್ಷಾನುಗಟ್ಟಲೆ ನಡೆದುಬಂದ ಪದ್ಧತಿಯನ್ನೇ ಇದಕ್ಕೂ ನಡೆಸಿದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ. ಅದಕ್ಕೇ ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಗಾಡಿ ಕೆಟ್ಟದ್ದು ಹೇಗೆ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡ ಸೇರಿದರೆ ಮೀನು ಗಾಡಿಗೂ ರಜೆ. ಈ ಗಾಡಿ ಆ ಎರಡು ತಿಂಗಳೂ ಅಘನಾಶಿನಿ ಹೊಳೆಯಂಚಿನ ಮನೆಯೊಂದರ ಚಪ್ಪರದಡಿ ನಿಂತಿತ್ತು. ರೇಡಿಯೇಟರಿನಲ್ಲಿ ಇದ್ದದ್ದು ಕೂಲಂಟ್ ಅಲ್ಲ, ಆ ಮನೆಯ ಬಾವಿ ನೀರು. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಬಯಲಿನ ಬದಿಯ ಬಾವಿಯಾದ್ದರಿಂದ ಬೇಸಿಗೆಯಲ್ಲಿ ನೀರು ಸವಳಾಗುತ್ತದೆ. ಮೇ ತಿಂಗಳಲ್ಲಿ ತುಂಬಿದ ಆ ಸವಳು ನೀರೇ ಮಳೆಗಾಲದಲ್ಲಿ ಅಲ್ಲಾಡದೆ ಹೆಡ್ಡಿನೊಳಗೆ ನಿಂತುಬಿಟ್ಟಿತು.

ಅಲ್ಯುಮಿನಿಯಂ ಮೇಲೆ ತಾನಾಗಿಯೇ ಕಟ್ಟಿಕೊಳ್ಳುವ ತೆಳು ಆಕ್ಸೈಡ್ ಪದರ ಅದಕ್ಕೆ ರಕ್ಷೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಭೇದಿಸುತ್ತದೆ. ಭೇದಿಸಿದ ಜಾಗದಲ್ಲಿ ಗುಳಿ ಬೀಳುತ್ತದೆ, ಗುಳಿ ಆಳಕ್ಕೆ ಇಳಿಯುತ್ತ ಹೋಗುತ್ತದೆ. ಬೀಡು ಮತ್ತು ಅಲ್ಯುಮಿನಿಯಂ ಒಂದೇ ಉಪ್ಪುನೀರಿನಲ್ಲಿ ನಿಂತರೆ ಮೊದಲು ಸವೆಯುವುದು ಅಲ್ಯುಮಿನಿಯಂ. ಓಡುವ ಗಾಡಿಗಿಂತ ನಿಂತ ಗಾಡಿಯ ಹೆಡ್‌ನಲ್ಲಿ ಈ ಗುಳಿಗಳು ಆಳವಾಗಿರುವುದನ್ನು ಕರಾವಳಿಯ ಗಾಡಿಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಆಗಸ್ಟ್‌ನಲ್ಲಿ ಬೋಟುಗಳು ಇಳಿದವು, ಗಾಡಿಗೆ ಭರ್ತಿ ಲೋಡು ಬಿತ್ತು. ದೀವಗಿ, ಕತಗಾಲ ದಾಟುವವರೆಗೆ ಎಂಜಿನ್ನಿಗೆ ಅಂಥ ಶ್ರಮವಿಲ್ಲ. ದೇವಿಮನೆ ಘಟ್ಟ ಶುರುವಾದ ಮೇಲೆ ಎರಡನೇ ಗೇರು, ಹೆಚ್ಚು ಡೀಸೆಲ್, ಕಡಿಮೆ ವೇಗ. ಅಂದರೆ ಉರಿ ಹೆಚ್ಚು, ರೇಡಿಯೇಟರಿಗೆ ಎದುರುಗಾಳಿ ಕಡಿಮೆ. ಐಸ್ ಪೆಟ್ಟಿಗೆಯ ಉಪ್ಪುನೀರು, ಕಡಲ ಗಾಳಿ ಸೇರಿ ರೇಡಿಯೇಟರಿನ ರೆಕ್ಕೆಗಳು ಮೊದಲೇ ಪುಡಿಪುಡಿಯಾಗಿದ್ದವು. ಶಾಖ ತೋರಿಸುವ ಮುಳ್ಳು ಮೇಲೇರಿತು, ಹೊಗೆಯಂತೆ ಹಬೆ ಬಂತು. ಡ್ರೈವರ್ ಪಕ್ಕದ ಝರಿಯಿಂದ ತಣ್ಣೀರು ಹಿಡಿದು ಸುರಿದು ಮತ್ತೆ ಹೊರಟ. ಘಟ್ಟ ಮುಗಿಯುವುದರೊಳಗೆ ಇನ್ನೊಮ್ಮೆ ಹಾಗೆಯೇ ಮಾಡಿದ. ನಾನು ಕೇಳಿದಾಗ ಅವನು ಮುಚ್ಚಿಡಲಿಲ್ಲ. "ಐಸ್ ಕರಗ್ತಾ ಇತ್ತು ಅಣ್ಣಾ. ಅರ್ಧ ದಾರಿಲಿ ಮೀನು ಕೆಟ್ರೆ ಯಾರು ಕೊಡ್ತಾರೆ?" ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗಲಿಲ್ಲ. ಆದರೆ ಹೆಡ್ ಬಾಗಿದ್ದು ಆ ಅರ್ಧ ಗಂಟೆಯಲ್ಲಿ.

ಲೆಕ್ಕ ಸರಳ. ಒಂದು ಡಿಗ್ರಿ ಶಾಖ ಏರಿದರೆ ಅಲ್ಯುಮಿನಿಯಂ ಪ್ರತಿ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಬೀಡು 11ರಿಂದ 12 ಮೈಕ್ರಾನ್. ಅರ್ಧ ಮೀಟರ್ ಉದ್ದದ ಹೆಡ್ 100 ಡಿಗ್ರಿ ಕಾದರೆ ಸುಮಾರು 1.15 ಮಿ.ಮೀ. ಬೆಳೆಯಲು ನೋಡುತ್ತದೆ, ಕೆಳಗಿನ ಬ್ಲಾಕ್ ಬೆಳೆಯುವುದು ಅದರ ಅರ್ಧ. ಬೋಲ್ಟುಗಳು ಎರಡೂ ತುದಿಯಲ್ಲಿ ಹಿಡಿದಿರುತ್ತವೆ. ಸಾಮಾನ್ಯ ಶಾಖದಲ್ಲಿ ಈ ಜಗ್ಗಾಟವನ್ನು ಲೋಹ ತಾಳಿಕೊಳ್ಳುತ್ತದೆ. ಮಿತಿ ಮೀರಿ ಕಾದು ಮೆತ್ತಗಾದಾಗ ಅಕ್ಕಪಕ್ಕ ಜಾಗವಿಲ್ಲದೆ ನಡುವೆ ಮೇಲಕ್ಕೆ ಉಬ್ಬುತ್ತದೆ, ತಣಿದ ಮೇಲೂ ಆ ಉಬ್ಬು ಉಳಿಯುತ್ತದೆ. ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಉಬ್ಬುವುದು ಇಡೀ ಹೆಡ್, ಕೆಳಗಿನ ಮುಖ ಮಾತ್ರವಲ್ಲ. ಕೆಳಗಿನ ಮುಖ ಎಷ್ಟು ಬಾಗಿತೋ ಮೇಲಿನ ಕ್ಯಾಮ್ ಬೇರಿಂಗ್ ಸಾಲೂ ಹೆಚ್ಚುಕಡಿಮೆ ಅಷ್ಟೇ ಬಾಗಿರುತ್ತದೆ.

ಮೊದಲು ಬಿಚ್ಚಿದ ಗ್ಯಾರೇಜಿನವರು ಸ್ಕೇಲ್ ಇಟ್ಟು ನೋಡಿದ್ದಾರೆ, ಬಾಗು ಕಂಡಿದೆ, ಹೆಡ್ಡನ್ನು ಫೇಸಿಂಗಿಗೆ ಕೊಟ್ಟಿದ್ದಾರೆ. ಮುಖ ಸಪಾಟಾಗಿ ಬಂದಿದೆ. ಹಳೆಯ ಬೋಲ್ಟುಗಳನ್ನೇ ಹಾಕಿ, ಶಾಖ ನೋಡಿ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆಗೆದೆಸೆದು, ಗಾಡಿ ಬಿಟ್ಟಿದ್ದಾರೆ. ಬಿಲ್ಲಿನಲ್ಲಿ 'ಹೆಡ್ ಫೇಸಿಂಗ್' ಎಂದಷ್ಟೇ ಇತ್ತು. ಎಷ್ಟು ಕಡಿದರು, ಕಡಿಯುವ ಮೊದಲು ಎಷ್ಟು ಬಾಗಿತ್ತು, ಒಂದೂ ಇಲ್ಲ.

ಬಿಚ್ಚುವ ಮೊದಲು ನೋಡಿದ್ದು

ಎರಡನೇ ಸಲ ಗಾಡಿ ನಿಂತಾಗ ಶಿರಸಿಯ ಇನ್ನೊಬ್ಬ ಮಿಸ್ತ್ರಿ ನನ್ನನ್ನು ಕರೆದರು. ರಾತ್ರಿಯಿಡೀ ತಣಿದ ಎಂಜಿನ್ನನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೇಲಿನ ರೇಡಿಯೇಟರ್ ಪೈಪನ್ನು ಕೈಯಲ್ಲಿ ಹಿಡಿದುಕೊಂಡೆವು. ನಿಮಿಷ ಕಳೆಯುವುದರೊಳಗೆ ಪೈಪ್ ಬಿಗಿದು ಕಲ್ಲಾಯಿತು, ನೀರು ಮಾತ್ರ ಇನ್ನೂ ತಣ್ಣಗೇ ಇತ್ತು. ಬಿಸಿಯಿಂದ ಬರುವ ಒತ್ತಡ ಅಷ್ಟು ಬೇಗ ಬರುವುದಿಲ್ಲ. ಇದು ಸಿಲಿಂಡರಿನ ಗ್ಯಾಸು. ಖಾತ್ರಿಗಾಗಿ ರೇಡಿಯೇಟರ್ ಬಾಯಿಗೆ ನೀಲಿ ದ್ರಾವಣದ ಲೀಕ್ ಟೆಸ್ಟರ್ ಇಟ್ಟೆವು. ಒಳಗಿನ ಗಾಳಿ ಎಳೆದಂತೆ ನೀಲಿ ಹೋಗಿ ಹಸಿರಾಯಿತು. ಎಂಜಿನ್ ಆಯಿಲ್ ಸ್ವಚ್ಛವಿತ್ತು, ಹಾಲಿನ ಬಣ್ಣ ಇರಲಿಲ್ಲ. ಹೆಡ್ಡಿನ ಮೇಲ್ಭಾಗದಿಂದ ಮಾತ್ರ ಒಂದು ಒಣ ಕಟಕಟ ಸದ್ದು ಬರುತ್ತಿತ್ತು. ಮೊದಲ ರಿಪೇರಿಗೆ ಮುಂಚೆ ಆ ಸದ್ದು ಇರಲಿಲ್ಲ ಎಂದು ಡ್ರೈವರ್ ಹೇಳಿದ.

ಬಿಚ್ಚುವಾಗ ಬೋಲ್ಟುಗಳನ್ನು ತುದಿಗಳಿಂದ ನಡುವಿನ ಕಡೆಗೆ, ಹಲವು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಅದೂ ಪೂರ್ತಿ ತಣಿದ ಮೇಲೆ. ಬಿಸಿ ಇರುವಾಗ ಬಿಚ್ಚಿದರೆ ಸರಿಯಿದ್ದ ಹೆಡ್ಡೂ ಬಾಗುತ್ತದೆ. ಮಿಸ್ತ್ರಿಗೆ ನಾನು ಕೇಳಿಕೊಂಡದ್ದು ಇಷ್ಟು: ಬರಿ ಹೆಡ್ ಕಳಿಸಬೇಡಿ. ಕ್ಯಾಮ್ ಶಾಫ್ಟ್, ಅದನ್ನು ಮೇಲಿಂದ ಹಿಡಿಯುವ ಕ್ಯಾಪ್‌ಗಳು ಅದದೇ ಸರದಿಯಲ್ಲಿ, ಬೋಲ್ಟುಗಳು, ಮುಖ್ಯವಾಗಿ ಹಳೆ ಗ್ಯಾಸ್ಕೆಟ್. ಹಳೆ ಗ್ಯಾಸ್ಕೆಟನ್ನು ಸುತ್ತಿ ಬಿಸಾಡಿಬಿಟ್ಟರೆ ಅರ್ಧ ಸಾಕ್ಷಿ ಹೋದಂತೆ.

ಸಾಕ್ಷಿ ಅಲ್ಲೇ ಇತ್ತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಬದಿಯಲ್ಲಿ, ಬೆಂಕಿ ತಡೆಯುವ ಉಕ್ಕಿನ ಉಂಗುರದಿಂದ ಹತ್ತಿರದ ನೀರಿನ ತೂತಿನವರೆಗೆ ಗ್ಯಾಸ್ಕೆಟ್ ಮೇಲೆ ಒಂದು ಕಪ್ಪು ದಾರಿ ಬಿದ್ದಿತ್ತು, ಬೆರಳಿನ ಉಗುರಿನಷ್ಟು ಅಗಲ. ಅದರ ನೇರಕ್ಕೆ ಹೆಡ್ಡಿನ ಮುಖ ನೋಡಿದರೆ ನೀರಿನ ತೂತಿನ ಅಂಚು ದುಂಡಗಿಲ್ಲ. ಒಂದು ಬದಿಗೆ ಸವೆದು, ಬೂದು ಬಣ್ಣದ ಗುಳಿಗಳು ಉಂಗುರ ಕೂರುವ ಗೆರೆಯ ಹತ್ತಿರಕ್ಕೆ ಬಂದಿದ್ದವು. ಫೇಸಿಂಗ್ ಮೇಲಿನ ಪದರವನ್ನಷ್ಟೇ ತೆಗೆದಿತ್ತು, ಗುಳಿಯ ತಳ ಹಾಗೇ ಉಳಿದಿತ್ತು. ಜೊತೆಗೆ ಮುಖದ ಮೇಲೆ ಉಗುರು ಆಡಿಸಿದರೆ ಗೀರು ತಾಗುತ್ತಿತ್ತು. ಹಳೆಯ ಕಾಲದ ಮೆದು ಗ್ಯಾಸ್ಕೆಟ್ ಅಂಥ ಗೀರನ್ನು ತುಂಬಿಕೊಳ್ಳುತ್ತಿತ್ತು. ಪದರ ಪದರದ ಉಕ್ಕಿನ ಗ್ಯಾಸ್ಕೆಟಿಗೆ ಆ ಗುಣವಿಲ್ಲ. ಅದಕ್ಕೆ ಮುಖದ ಒರಟುತನ ಸುಮಾರು 0.8 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಬೇಕು. ಎಮರಿ ಕಾಗದ ಸುತ್ತಿದ ಹಲಗೆಯಿಂದಲೋ ಡ್ರಿಲ್ಲಿಗೆ ಸಿಕ್ಕಿಸಿದ ಉಜ್ಜುವ ಚಕ್ರದಿಂದಲೋ ಇದು ಎಂದೂ ಬರುವುದಿಲ್ಲ. ಆ ಚಕ್ರ ಅಲ್ಯುಮಿನಿಯಂನಲ್ಲಿ ಕಣ್ಣಿಗೆ ಕಾಣದ ತಗ್ಗು ಮಾಡುತ್ತದೆ, ಉದುರಿದ ಪುಡಿ ಆಯಿಲ್ ತೂತು ಸೇರಿ ಕ್ರ್ಯಾಂಕ್ ಬೇರಿಂಗನ್ನೂ ತಿನ್ನುತ್ತದೆ.

ಅಳತೆಯ ಮೇಜಿನ ಮೇಲೆ

ತೊಳೆದ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಎರಡೂ ಮೂಲೆಗೆರೆಗಳಲ್ಲಿ ಸಂದು ಅಳೆಯುವ ಫೀಲರ್ ತಗಡು ಹಾಕಿದೆ. 0.03 ಮಿ.ಮೀ. ಒಳಗೇ ಇತ್ತು. ಬರಿ ಇದನ್ನೇ ನೋಡಿದರೆ ಹೆಡ್ ಚೊಕ್ಕ. ಎತ್ತರ ಅಳೆದಾಗ ಹೊಸ ಹೆಡ್ಡಿಗಿಂತ 0.20 ಮಿ.ಮೀ. ಕಡಿಮೆ. ಕೈಪಿಡಿಯ ಪ್ರಕಾರ ಈ ಹೆಡ್ಡಿನಿಂದ ಒಟ್ಟು ತೆಗೆಯಬಹುದಾದದ್ದು 0.40. ಅರ್ಧ ಬಂಡವಾಳ ಮೊದಲ ಸಲವೇ ಖರ್ಚಾಗಿತ್ತು.

ಆಮೇಲೆ ಹೆಡ್ಡನ್ನು ತಿರುಗಿಸಿ ಕ್ಯಾಮ್ ಸಾಲಿನ ಕಡೆಗೆ ಬಂದೆ. ವಾಲ್ವ್, ರಾಕರ್ ಯಾವುದೂ ಇಲ್ಲದ ಬರಿ ಹೆಡ್ಡಿನಲ್ಲಿ ಕ್ಯಾಮ್ ಶಾಫ್ಟ್ ಇಟ್ಟು, ಕ್ಯಾಪ್‌ಗಳನ್ನು ಟಾರ್ಕ್‌ಗೆ ಬಿಗಿದು, ಒಂದು ಹನಿ ಆಯಿಲ್ ಬಿಟ್ಟರೆ ಅದು ಎರಡು ಬೆರಳಲ್ಲಿ ತಿರುಗಬೇಕು. ಇಲ್ಲಿ ಪಾನಾ ಹಾಕಿ ತಿರುಗಿಸಬೇಕಾಯಿತು. ಕ್ಯಾಪ್ ತೆಗೆದು ಬೆಳಕಿಗೆ ಹಿಡಿದಾಗ ಕಥೆ ಪೂರ್ತಿ ಕಂಡಿತು. ನಡುವಿನ ಬೇರಿಂಗಿನಲ್ಲಿ ಕೆಳಗಿನ ತೊಟ್ಟಿಲು (ಶಾಫ್ಟ್ ಕೂರುವ ಅರ್ಧ ಕುಳಿ) ಕನ್ನಡಿಯಂತೆ ಹೊಳೆಯುತ್ತಿತ್ತು, ಮೇಲಿನ ಕ್ಯಾಪ್ ಮಂಕಾಗಿತ್ತು. ಎರಡೂ ತುದಿಯ ಬೇರಿಂಗುಗಳಲ್ಲಿ ತಿರುಗುಮುರುಗು: ಕ್ಯಾಪ್ ಹೊಳೆಯುತ್ತದೆ, ಕೆಳಗಿನದು ಮಂಕು. ಅಂದರೆ ನಡುವೆ ಹೆಡ್ ಶಾಫ್ಟನ್ನು ಮೇಲಕ್ಕೆ ಒತ್ತುತ್ತಿದೆ, ತುದಿಗಳಲ್ಲಿ ಕ್ಯಾಪುಗಳು ಕೆಳಕ್ಕೆ ಎಳೆಯುತ್ತಿವೆ. ನೆಟ್ಟಗಿನ ಗ್ರೈಂಡಿಂಗ್ ಸರಳನ್ನು ತೊಟ್ಟಿಲುಗಳ ಮೇಲೆ ಮಲಗಿಸಿ ಅಳೆದಾಗ ನಡುವೆ 0.18 ಮಿ.ಮೀ. ಉಬ್ಬು.

ಈ ಎಂಜಿನ್ನಿನಲ್ಲಿ ಕ್ಯಾಮ್‌ಗೆ ಬೇರೆ ಬೇರಿಂಗ್ ಶೆಲ್ ಇಲ್ಲ. ಶಾಫ್ಟ್ ನೇರವಾಗಿ ಹೆಡ್ಡಿನ ಅಲ್ಯುಮಿನಿಯಂ ಮೇಲೇ ಓಡುತ್ತದೆ. ಆಯಿಲ್ ಪದರಕ್ಕೆ ಇರುವ ಜಾಗವೇ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿ 0.18 ಬಾಗು ಎಂದರೆ ಪದರ ಹರಿದು ಲೋಹಕ್ಕೆ ಲೋಹ ತಾಗುವುದು ಖಂಡಿತ. ಹೀಗೇ ಓಡಿಸಿದರೆ ಒಂದೋ ತೊಟ್ಟಿಲು ಅಂಟಿಕೊಳ್ಳುತ್ತದೆ, ಇಲ್ಲವೇ ಶಾಫ್ಟ್ ತುಂಡಾಗುತ್ತದೆ. ಕಟಕಟ ಸದ್ದಿನ ಮೂಲ ಇಲ್ಲಿತ್ತು. ಕೆಳಗಿನ ಮುಖವನ್ನು ಸಪಾಟು ಮಾಡಿದ ಫೇಸಿಂಗ್ ಮೇಲಿನ ಬಾಗನ್ನು ಹಾಗೇ ಕಾಯಂ ಮಾಡಿತ್ತು. ಕಡಿಯುವ ಮುಂಚೆ ನೇರ ಮಾಡಿದ್ದರೆ ಎರಡೂ ಮುಖ ಒಟ್ಟಿಗೇ ಸರಿಯಾಗುತ್ತಿದ್ದವು, 0.20 ಕಡಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಅತ್ಯಂತ ನೋವಿನ ಸಂಗತಿ ಅದು.

ಬಿರುಕಿನ ಪರೀಕ್ಷೆ ಬಾಕಿ ಇತ್ತು. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಒಲಿಯುವುದಿಲ್ಲ, ಬೀಡಿನ ಹೆಡ್ಡಿಗೆ ಮಾಡುವ ಅಯಸ್ಕಾಂತದ ಪುಡಿಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಕೆಂಪು ಬಣ್ಣದ ದ್ರಾವಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿ ನೋಡಿದೆವು. ಎರಡನೇ ಮತ್ತು ಮೂರನೇ ಸಿಲಿಂಡರಿನಲ್ಲಿ ವಾಲ್ವ್ ಕೂರುವ ಸೀಟುಗಳ ನಡುವಿನ ಸೇತುವೆಯ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು, ಸೀಟಿನೊಳಗೆ ಇಳಿದಿರಲಿಲ್ಲ. ಇಂಥ ಗೆರೆ ಕಂಡ ಕೂಡಲೇ ಹೆಡ್ ಎಸೆಯಬಾರದು, ನೀರಿನ ಜಾಗ ಮುಟ್ಟಿದೆಯೇ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಒತ್ತಡದ ಪರೀಕ್ಷೆ. ನೀರಿನ ತೂತುಗಳನ್ನೆಲ್ಲ ರಬ್ಬರ್ ಮತ್ತು ತಗಡಿನಿಂದ ಮುಚ್ಚಿ 3 ಬಾರ್ ಗಾಳಿ ಕೊಟ್ಟು ತೊಟ್ಟಿಯಲ್ಲಿ ಮುಳುಗಿಸಿದೆವು. ತಣ್ಣೀರಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಅನೇಕರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ತೊಟ್ಟಿಯ ನೀರನ್ನು 70 ಡಿಗ್ರಿಗೆ ಕಾಯಿಸಿ ಹೆಡ್ ಅಷ್ಟೇ ಬಿಸಿಯಾಗುವವರೆಗೆ ಕಾದೆವು. ಆಗ ಹಿಂಬದಿಯ ನೀರಿನ ಪ್ಲಗ್‌ನ ಅಂಚಿನಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ಸವಳು ನೀರು ಆ ತಗಡಿನ ಪ್ಲಗ್ಗನ್ನೂ ಒಳಗಿನಿಂದ ತಿಂದಿತ್ತು. ಗಾಡಿಯಲ್ಲಿ ಅದು ಹಿಂಗೋಡೆಗೆ ತಾಗಿದಂತಿರುವುದರಿಂದ ಯಾರಿಗೂ ಕಾಣುವುದಿಲ್ಲ. ಸೋರಿದ್ದು ಬಿಸಿಗೆ ಆವಿಯಾಗಿಬಿಡುತ್ತದೆ. ಸೇತುವೆಗಳ ಗೆರೆಯಿಂದ ಏನೂ ಬರಲಿಲ್ಲ. ಅದು ಸಮಾಧಾನದ ವಿಷಯ.

ಕೊನೆಯದಾಗಿ ಗಡಸುತನ. ಅತಿಯಾಗಿ ಕಾದ ಅಲ್ಯುಮಿನಿಯಂ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ; ಅಂಥ ಹೆಡ್ಡಿಗೆ ಎಷ್ಟೇ ಕೆಲಸ ಮಾಡಿದರೂ ಬೋಲ್ಟ್ ಬಿಗಿದಾಗ ಕುಸಿಯುತ್ತದೆ, ಸೀಟು ಸಡಿಲಾಗುತ್ತದೆ. ತುದಿಗಳಿಗೆ ಹೋಲಿಸಿದರೆ ನಡುವೆ ಸ್ವಲ್ಪ ಮೆತ್ತಗಿತ್ತು, ಆದರೆ ಬ್ರಿನೆಲ್ ಸಂಖ್ಯೆ 80ರ ಮೇಲೇ ಇತ್ತು. 60ರ ಹತ್ತಿರ ಬಂದಿದ್ದರೆ ಯಜಮಾನರಿಗೆ ಹೊಸ ಹೆಡ್ ತರಲು ಹೇಳಿ ಸುಮ್ಮನಾಗುತ್ತಿದ್ದೆ.

ಏನು ಮಾಡುವುದು ಎಂಬ ಲೆಕ್ಕಾಚಾರ

ಕ್ಯಾಮ್ ಸಾಲನ್ನು ಪೂರ್ತಿ ನೇರ ಮಾಡಿದರೆ ಈಗ ಸಪಾಟಾಗಿರುವ ಕೆಳಮುಖ ಆ 0.18ರಷ್ಟು ಎದುರು ದಿಕ್ಕಿಗೆ ಬಾಗುತ್ತದೆ. ಅದನ್ನು ಮತ್ತೆ ಕಡಿದರೆ ಒಟ್ಟು 0.38. ಗುಳಿ ವೆಲ್ಡಿಂಗ್ ಆದ ಮೇಲಿನ ಹದಕ್ಕೂ ಸ್ವಲ್ಪ ಬೇಕು. ಅಲ್ಲಿಗೆ 0.40ರ ಗೆರೆ ದಾಟಿದಂತೆ. ನೇರ ಮಾಡದೆ ಬರಿ ಲೈನ್ ಬೋರಿಂಗ್ (ಎಲ್ಲ ಬೇರಿಂಗುಗಳನ್ನೂ ಒಂದೇ ನೇರಕ್ಕೆ ಕೊರೆಯುವುದು) ಹೊಡೆದರೆ ನಡುವಿನ ತೊಟ್ಟಿಲಿನಿಂದ ತುಂಬಾ ಲೋಹ ಹೋಗುತ್ತದೆ, ಕ್ಯಾಪ್‌ಗಳನ್ನೂ ಅಷ್ಟೇ ಕಡಿಯಬೇಕು, ಕ್ಯಾಮ್ ಕೆಳಗಿಳಿದು ಟೈಮಿಂಗ್ ಚೈನ್ ಸಡಿಲಾಗುತ್ತದೆ.

ಹೇಗೂ ಗುಳಿ ತುಂಬಲು ಆರ್ಗಾನ್ ವೆಲ್ಡಿಂಗ್ ಆಗಲೇಬೇಕಿತ್ತು. ವೆಲ್ಡಿಂಗ್ ಆದ ಹೆಡ್ಡನ್ನು ಪ್ಲೇಟಿಗೆ ಬಿಗಿದು ಓವನ್‌ನಲ್ಲಿ ಇಡಲೇಬೇಕು, ಕೆಳಮುಖವನ್ನು ಹಗುರವಾಗಿ ಕಡಿಯಲೇಬೇಕು. ಹಾಗಾದರೆ ಅರ್ಧ ಬಾಗನ್ನು ಓವನ್‌ನಲ್ಲಿ ತೆಗೆಯೋಣ, ಉಳಿದರ್ಧವನ್ನು ಲೈನ್ ಬೋರಿಂಗ್‌ಗೆ ಬಿಡೋಣ ಎಂದು ತೀರ್ಮಾನಿಸಿದೆ. ಎರಡೂ ಕಡೆ ಹೊರೆ ಹಂಚಿದರೆ ಯಾವುದೂ ಮಿತಿ ಮೀರುವುದಿಲ್ಲ. ಗಾಡಿಯ ಯಜಮಾನರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಹೊಸ ಹೆಡ್ಡಿನ ಬೆಲೆಯ ಸುಮಾರು ಮೂರರಲ್ಲೊಂದು ಪಾಲು ಖರ್ಚು ಬರುತ್ತದೆ, ಆದರೆ ಇದೇ ಕೊನೆಯ ಸಲ, ಮುಂದೆ ಕಡಿಯಲು ಜಾಗ ಉಳಿಯುವುದಿಲ್ಲ ಎಂದೂ ಹೇಳಿದೆ. ಅವರು ತುಸು ಯೋಚಿಸಿ, "ಮಾಡಿ ಮಾರಾಯ್ರೆ, ಸೀಸನ್ ದಾಟಿದ್ರೆ ಸಾಕು" ಎಂದರು. ಸೀಸನ್ ದಾಟುವುದಕ್ಕಷ್ಟೇ ಮಾಡುವ ಕೆಲಸ ನನಗೆ ಒಗ್ಗದು, ಅದನ್ನೂ ಹೇಳಿದೆ.

ಕೆಲಸದ ಸರದಿ

ಹೆಡ್ ಕೆಲಸದಲ್ಲಿ ಏನು ಮಾಡುತ್ತೇವೆ ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದು ದೊಡ್ಡದು. ಬಿಸಿ ತಾಗುವ ಕೆಲಸವೆಲ್ಲ ಮೊದಲು ಮುಗಿಯಬೇಕು, ಅಳತೆಯ ಕೆಲಸ ಆಮೇಲೆ. ಫೇಸಿಂಗ್ ಆದ ಮೇಲೆ ವೆಲ್ಡಿಂಗ್ ಮಾಡಿದರೆ ಫೇಸಿಂಗ್ ವ್ಯರ್ಥ. ವಾಲ್ವಿನ ಬಾಲ ಓಡಾಡುವ ಗೈಡ್ ಬದಲಿಸುವ ಮೊದಲು ಸೀಟ್ ಕಟಿಂಗ್ ಮಾಡಿದರೆ ಸೀಟು ವ್ಯರ್ಥ, ಏಕೆಂದರೆ ಸೀಟ್ ಕಟರ್ ಕೂರುವುದೇ ಗೈಡಿನೊಳಗೆ ತೂರಿಸುವ ಪೈಲಟ್ ಸರಳಿನ ಮೇಲೆ.

ಗುಳಿಗಳನ್ನು ಹೊಳೆಯುವ ಲೋಹ ಕಾಣುವವರೆಗೆ ಕೊರೆದೆವು. ಕಪ್ಪು ಉಳಿದರೆ ವೆಲ್ಡಿಂಗ್ ಒಳಗೆ ತೂತುತೂತಾಗುತ್ತದೆ. ಹೆಡ್ಡನ್ನು ಸುಮಾರು 180 ಡಿಗ್ರಿಗೆ ಕಾಯಿಸಿ ವೆಲ್ಡಿಂಗ್ ತುಂಬಿ, ಬಿಸಿ ಇರುವಾಗಲೇ ದಪ್ಪ ಉಕ್ಕಿನ ಪ್ಲೇಟಿನ ಮೇಲೆ ಕೆಳಮುಖ ಮಾಡಿ ಇಟ್ಟೆವು. ಎರಡೂ ತುದಿಗಳಡಿ 0.20 ಮಿ.ಮೀ. ಶಿಮ್ (ತೆಳು ತಗಡು), ನಡುವಿನ ಬೋಲ್ಟುಗಳನ್ನು ಬಿಗಿದು ಹೊಟ್ಟೆಯನ್ನು ಪ್ಲೇಟಿಗೆ ಎಳೆದೆವು. 230 ಡಿಗ್ರಿ ಓವನ್‌ನಲ್ಲಿ ಕೆಲವು ಗಂಟೆ, ಆಮೇಲೆ ಬಾಗಿಲು ತೆರೆಯದೆ ಮರುದಿನ ಬೆಳಗಿನವರೆಗೆ. ಅವಸರಕ್ಕೆ ಬಾಗಿಲು ತೆರೆದರೆ, ಅದರಲ್ಲೂ ಶಿರಸಿಯ ಮಳೆಗಾಲದ ತಂಪಿನಲ್ಲಿ, ಒಂದು ಬದಿ ಬೇಗ ತಣಿದು ಹೊಸ ಬಾಗು ಹುಟ್ಟುತ್ತದೆ. ಶಿಮ್ ಕೊಟ್ಟಷ್ಟೂ ಬಾಗು ಹೋಗುವುದಿಲ್ಲ, ಬಿಚ್ಚಿದಾಗ ಅರ್ಧದಷ್ಟು ಹಿಂದಕ್ಕೆ ಬರುತ್ತದೆ. ಇಲ್ಲಿಯೂ ಹಾಗೆಯೇ: ಕ್ಯಾಮ್ ಸಾಲಿನ ಉಬ್ಬು 0.18ರಿಂದ 0.08ಕ್ಕೆ ಇಳಿದಿತ್ತು. ಇಷ್ಟು ಶಾಖವೂ ಅಲ್ಯುಮಿನಿಯಂ ಅನ್ನು ತುಸು ಮೆದು ಮಾಡುವುದರಿಂದ ಗಡಸುತನವನ್ನು ಮತ್ತೆ ಅಳೆದೆ. ಅಂಥ ಇಳಿಕೆ ಇರಲಿಲ್ಲ. ಸೀಟ್ ರಿಂಗುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ ಸಡಿಲಾಗಿಲ್ಲ ಎಂದು ನೋಡಿಕೊಂಡು, ಬಿಸಿ ನೀರಿನ ಒತ್ತಡ ಪರೀಕ್ಷೆಯನ್ನು ಹೊಸ ಪ್ಲಗ್ ಹಾಕಿ ಮತ್ತೊಮ್ಮೆ ಮಾಡಿದೆವು.

ಲೈನ್ ಬೋರಿಂಗ್‌ಗೆ ಹುಬ್ಬಳ್ಳಿಗೆ ಕಳಿಸಬೇಕಾಯಿತು. ಕ್ಯಾಪ್‌ಗಳ ಕೂರುವ ಮುಖದಿಂದ 0.10 ತೆಗೆದು, ಬಿಗಿದು, ಒಂದೇ ಸರಳಿನಲ್ಲಿ ಎಲ್ಲ ಬೇರಿಂಗುಗಳನ್ನೂ ಮೂಲ ಅಳತೆಗೆ ಬೋರ್ ಮಾಡಿಸಿದೆವು. ವಾಪಸ್ ಬಂದ ಮೇಲೆ ಶಾಫ್ಟ್ ಎರಡು ಬೆರಳಲ್ಲಿ ತಿರುಗಿತು. ಒತ್ತಿದಾಗ ಚಪ್ಪಟೆಯಾಗಿ ಸಡಿಲ ತೋರಿಸುವ ಪ್ಲಾಸ್ಟಿಗೇಜ್ ಎಳೆ ಹಾಕಿ ನೋಡಿದಾಗ ಎಲ್ಲ ಕಡೆ 0.04ರಿಂದ 0.05 ಸಡಿಲ. ಆನಂತರ ಕೆಳಮುಖದ ಫೇಸಿಂಗ್: 0.12 ಮಿ.ಮೀ., ಕೊನೆಯ ಸುತ್ತಿನಲ್ಲಿ ಬಲು ತೆಳುವಾಗಿ, ನಿಧಾನ ಚಾಲನೆಯಲ್ಲಿ. ವೆಲ್ಡಿಂಗ್ ಆದ ಜಾಗ ಉಳಿದದ್ದಕ್ಕಿಂತ ಬೇರೆ ಗಡಸು, ಕಟರ್ ಅಲ್ಲಿ ಹಾರಲು ನೋಡುತ್ತದೆ; ಟೂಲ್ ಹೊಸತಾಗಿರಬೇಕು. ಒಟ್ಟು ಕಡಿತ 0.32.

ಈ 0.32ರ ಪರಿಣಾಮ ಬೇರೆ ಕಡೆ ಕಾಣುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಈ ಎಂಜಿನ್ನಿನಲ್ಲಿ ಉರಿಯುವ ಬಟ್ಟಲು ಪಿಸ್ಟನ್ನಿನೊಳಗಿದೆ, ಹೆಡ್ಡಿನ ಮುಖ ಚಪ್ಪಟೆ. ಹೆಡ್ ಕಡಿದರೆ ಕಂಪ್ರೆಶನ್ ಹೆಚ್ಚು ಬದಲಾಗುವುದಿಲ್ಲ; ಬದಲಾಗುವುದು ವಾಲ್ವ್ ಒಳಗಿಳಿದಿರುವ ಆಳ. ವಾಲ್ವ್ ಪಿಸ್ಟನ್ನಿಗೆ ಹತ್ತಿರ ಬರುತ್ತದೆ. ಮೊದಲ ಫೇಸಿಂಗ್ ಆದ ಮೇಲೇ ಎರಡು ವಾಲ್ವ್‌ಗಳ ಮಸಿಯ ಮೇಲೆ ಪಿಸ್ಟನ್ ಸೋಕಿದ ಮಂಕು ಗುರುತಿತ್ತು. ಡಯಲ್ ಗೇಜ್ ಇಟ್ಟು ಪ್ರತಿ ವಾಲ್ವಿನ ಆಳ ಅಳೆದು, ಕೈಪಿಡಿಯ ಅಳತೆಗೆ ಬರುವಷ್ಟು ಸೀಟುಗಳನ್ನು ಇಳಿಸಿದೆವು. ಸೀಟು ಇಳಿದರೆ ವಾಲ್ವಿನ ಬಾಲ ಮೇಲೆ ಏಳುತ್ತದೆ. ವಾಲ್ವಿನ ಸಂದನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಅಡ್ಜಸ್ಟರ್ ಇರುವ ಕಡೆ ಅದು ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಅಷ್ಟನ್ನೇ ಬಾಲದ ತುದಿಯಿಂದ ಗ್ರೈಂಡ್ ಮಾಡಿ ಮೂಲ ಎತ್ತರಕ್ಕೆ ತಂದೆವು. ತುದಿಯ ಗಡಸು ಪದರ ತೆಳು, ಕೈ ಹಿಡಿತದಲ್ಲಿರಬೇಕು. ಸ್ಪ್ರಿಂಗ್ ಕೂರುವ ಎತ್ತರ ಹೆಚ್ಚಾದಲ್ಲಿ ಕೆಳಗೆ ತೆಳು ಶಿಮ್. ಇಂಜೆಕ್ಟರ್ ಮೂತಿ ಎಷ್ಟು ಹೊರಚಾಚುತ್ತದೆ ಎಂದು ಅಳೆದು ತಾಮ್ರದ ವಾಷರ್ ದಪ್ಪವನ್ನು ಬದಲಿಸಿದೆವು.

ಗೈಡುಗಳಲ್ಲಿ ಎಕ್ಸಾಸ್ಟ್ ಕಡೆಯವು ಬಾಯಗಲಿಸಿದ್ದವು, ನಾಲ್ಕನ್ನೂ ಬದಲಿಸಿದೆವು. ಹೆಡ್ಡನ್ನು 110 ಡಿಗ್ರಿಗೆ ಕಾಯಿಸಿ, ಗೈಡುಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸುತ್ತಿಗೆಯ ಹೊಡೆತವಿಲ್ಲದೆ ಇಳಿಯುತ್ತವೆ. ಈ ಬಿಸಿ ಬರಿ ಓವನ್ನಿನದು, ಒಂದೇ ಕಡೆ ಗ್ಯಾಸ್ ಬತ್ತಿ ಹಿಡಿಯುವುದಲ್ಲ. ಸರದಿಯಲ್ಲಿ ಇದು ಫೇಸಿಂಗಿಗೆ ಮುಂಚೆಯೇ ಆದ ಕೆಲಸ, ಗೈಡಿನ ಮಾತು ಬಂದದ್ದಕ್ಕೆ ಇಲ್ಲಿ ಹೇಳಿದೆ.

ಸೀಟಿನ ಮುಖ 45 ಡಿಗ್ರಿ, ಮೇಲಿಂದ 30, ಒಳಗಿನಿಂದ 60 ಡಿಗ್ರಿ ಕಡಿದು ಅಗಲವನ್ನು ಇನ್‌ಲೆಟ್‌ಗೆ 1.3, ಎಕ್ಸಾಸ್ಟ್‌ಗೆ 1.7 ಮಿ.ಮೀ.ಗೆ ಇಟ್ಟೆವು. ಎಕ್ಸಾಸ್ಟ್ ವಾಲ್ವಿನ ಬಿಸಿಯ ಬಹುಪಾಲು ಇಳಿದುಹೋಗುವುದು ಸೀಟಿನ ಮೂಲಕವೇ. ಘಟ್ಟ ಹತ್ತುವ ಗಾಡಿಗೆ ಅದನ್ನು ಸಪೂರ ಮಾಡಬಾರದು. ತಾಗುವ ಗುರುತು ತೋರಿಸುವ ನೀಲಿ ಬಣ್ಣ (ಬ್ಲೂ) ಹಚ್ಚಿ ನೋಡಿದಾಗ ಗೆರೆ ವಾಲ್ವ್ ಮುಖದ ನಡುವೆ ಸುತ್ತಲೂ ಒಂದೇ ಅಗಲದಲ್ಲಿ ಬಿತ್ತು. ಪೇಸ್ಟ್ ಹಚ್ಚಿ ಗಂಟೆಗಟ್ಟಲೆ ಉಜ್ಜುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಪೇಸ್ಟ್ ಇರುವುದು ಸೀಟು ಸರಿಯಾಗಿದೆಯೇ ಎಂದು ನೋಡಲು. ಉಜ್ಜಿ ಉಜ್ಜಿ ಕೂರಿಸಿದ ವಾಲ್ವ್ ಮುಖದಲ್ಲಿ ತಗ್ಗು ಬಿದ್ದಿರುತ್ತದೆ, ಬಿಸಿಯಾಗಿ ಹಿಗ್ಗಿದಾಗ ಅದು ಬೇರೆಯೇ ಜಾಗದಲ್ಲಿ ಕೂರುತ್ತದೆ.

ಗಾಡಿಗೆ ಕೂರಿಸಿದ್ದು

ಬ್ಲಾಕಿನ ಮುಖವನ್ನು ಗಾಡಿಯಲ್ಲೇ ಅಳೆದೆವು, 0.04 ಒಳಗಿತ್ತು. ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಎಂದು ನಾಲ್ಕರಲ್ಲೂ ಡಯಲ್ ಇಟ್ಟು ನೋಡಿ, ಹೆಚ್ಚಿನದರ ಲೆಕ್ಕಕ್ಕೆ ಮೂರು ತೂತಿನ ದಪ್ಪ ಗ್ಯಾಸ್ಕೆಟ್ ಆರಿಸಿದೆವು (ಅಂಚಿನ ಆ ತೂತುಗಳು ದಪ್ಪದ ಗುರುತು). ಮೊದಲು ಹಾಕಿದ್ದು ಒಂದೇ ತೂತಿನದು, ಅಂದರೆ ಎಲ್ಲಕ್ಕಿಂತ ತೆಳುವಿನದು. ಗ್ಯಾಸ್ಕೆಟಿಗೆ ಯಾವ ಗೋಂದೂ ಹಚ್ಚಲಿಲ್ಲ. ಬೋಲ್ಟು ಹೊಸವು, ಟಾರ್ಕ್ ಆದ ಮೇಲೆ ಇಂತಿಷ್ಟು ಕೋನ ತಿರುಗಿಸಿ ಬಿಗಿಯುವ ಬೋಲ್ಟ್ ಒಮ್ಮೆ ಹಿಗ್ಗಿದ್ದು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಬ್ಲಾಕಿನ ಬೋಲ್ಟ್ ಕುಳಿಗಳಲ್ಲಿ ನಿಂತಿದ್ದ ನೀರು, ಆಯಿಲನ್ನು ಸಿರಿಂಜಿನಲ್ಲಿ ಪೂರ್ತಿ ಎಳೆದು ತೆಗೆಸಿದೆ. ಕುಳಿಯಲ್ಲಿ ದ್ರವ ಉಳಿದು ಮೇಲಿಂದ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು. ನಡುವಿನಿಂದ ತುದಿಗಳ ಕಡೆಗೆ, ಮೊದಲು ಟಾರ್ಕ್, ಆಮೇಲೆ ಕೋನ.

ಇಷ್ಟೆಲ್ಲ ಆಗಿ ಹಳೆಯ ರೇಡಿಯೇಟರನ್ನೇ ಬಿಟ್ಟಿದ್ದರೆ ನಮ್ಮ ಕೆಲಸ ಒಂದೇ ಘಟ್ಟಕ್ಕೆ ಮುಗಿಯುತ್ತಿತ್ತು. ಯಜಮಾನರು ರೇಡಿಯೇಟರಿಗೆ ಹಣ ಹಾಕಲು ಹಿಂದೇಟು ಹಾಕಿದರು. ಅದಿಲ್ಲದೆ ಹೆಡ್ ಕೊಡುವುದಿಲ್ಲ ಎಂದೆ. ಹೊಸ ರೇಡಿಯೇಟರ್, ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್ ಕ್ಯಾಪ್. ಕರಾವಳಿ ಸೆಕೆಗೆ ಥರ್ಮೋಸ್ಟಾಟ್ ಬೇಡ ಎಂಬ ನಂಬಿಕೆ ಬಲವಾಗಿದೆ. ಈ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗಲೇ ಬೈಪಾಸ್ ದಾರಿ ಮುಚ್ಚುವುದು. ಅದನ್ನು ಕಿತ್ತರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ. ಘಟ್ಟದಲ್ಲಿ ಬೇಕಾದದ್ದಕ್ಕೆ ಪೂರ್ತಿ ಉಲ್ಟಾ. ಕ್ಯಾಪ್ ವಿಷಯವೂ ಸಣ್ಣದಲ್ಲ: 1 ಬಾರ್ ಹಿಡಿಯುವ ಕ್ಯಾಪ್ ಇದ್ದರೆ ಬರಿ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯದು, ಸಡಿಲ ಕ್ಯಾಪ್ ಇದ್ದರೆ 100ಕ್ಕೇ ಹಬೆ. ಹಬೆ ತುಂಬಿದ ಜಾಗದಲ್ಲಿ ಹೆಡ್ಡಿನ ಬಿಸಿ ಹೊತ್ತೊಯ್ಯಲು ನೀರೇ ಇರುವುದಿಲ್ಲ. ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಶುದ್ಧ ನೀರು ಅರ್ಧ. ಗಾಡಿಯ ಮೂತಿಯನ್ನು ಏರಿನಲ್ಲಿ ನಿಲ್ಲಿಸಿ ಒಳಗಿನ ಗಾಳಿ ಪೂರ್ತಿ ಹೊರಡುವವರೆಗೆ ತುಂಬಿದೆವು. ಬಾವಿ ನೀರಿನ ಕ್ಯಾನ್ ಗಾಡಿಯಲ್ಲಿ ಇಡಬಾರದೆಂದು ಡ್ರೈವರಿಗೆ ಹೇಳಿ, ಬೆರೆಸಿದ ಕೂಲಂಟಿನ ಕ್ಯಾನ್ ಕೊಟ್ಟು ಕಳಿಸಿದೆ.

ಲೋಡಿನೊಂದಿಗೆ ಘಟ್ಟ ಹತ್ತಿಸಿ ಸ್ಕ್ಯಾನರಿನಲ್ಲಿ ಶಾಖ ನೋಡಿದೆವು. ತಿರುವುಗಳಲ್ಲಿ 96 ಡಿಗ್ರಿ ಮುಟ್ಟಿತು, ರಾಗಿಹೊಸಳ್ಳಿ ಹತ್ತಿರ ಬರುವಷ್ಟರಲ್ಲಿ 88ಕ್ಕೆ ಇಳಿದು ನಿಂತಿತು. ಮರುದಿನ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಪೈಪ್ ಹಿಡಿದರೆ ಮೆತ್ತಗೇ ಇತ್ತು. ಕಟಕಟ ಸದ್ದು ಹೋಗಿತ್ತು.

ಮುಂದಿನ ಮೇ ಕೊನೆಗೆ, ನಿಷೇಧ ಶುರುವಾಗುವ ಮೊದಲು, ಗಾಡಿಯನ್ನು ಒಮ್ಮೆ ತರಿಸಿಕೊಂಡೆ. ನೀರಿನ ಮಟ್ಟ ಇಳಿದಿರಲಿಲ್ಲ, ಕ್ಯಾಪ್ ತನ್ನ ಒತ್ತಡ ಹಿಡಿಯುತ್ತಿತ್ತು, ಹಿಂಬದಿಯ ಪ್ಲಗ್ ಒಣಗಿತ್ತು. ಕೂಲಂಟಿನ ಸಾಂದ್ರತೆ ನೋಡಿ ಹಾಗೇ ಎರಡು ತಿಂಗಳು ನಿಲ್ಲಿಸಲು ಹೇಳಿದೆ. ಹೆಡ್ಡಿನ ಎಕ್ಸಾಸ್ಟ್ ಬದಿಯಲ್ಲಿ ಒಟ್ಟು ಕಡಿತ 0.32 ಎಂದು ಪಂಚ್ ಹೊಡೆದಿದ್ದೇವೆ. ಪಕ್ಕದಲ್ಲಿ ಕ್ಯಾಮ್ ಸಾಲು ಬೋರ್ ಆಗಿರುವ ಗುರುತೂ ಇದೆ. ಮುಂದೆ ಇದನ್ನು ಬಿಚ್ಚುವ ಮಿಸ್ತ್ರಿಗೆ ಉಳಿದಿರುವುದು 0.08 ಮಾತ್ರ ಎಂದು ಸ್ಕೇಲ್ ಇಡುವ ಮೊದಲೇ ಗೊತ್ತಾಗುತ್ತದೆ.